ತಮ್ಮ ಬಿಟ್ಟುಹೋದ ಇಗ್ವಾನಾ ಕೊಂಬೆ ಹತ್ತುತ್ತಿಲ್ಲ, ತೊಡೆ ಮಾತ್ರ ದಪ್ಪ ಆಗಿದೆ

ಮಲ್ಲಿಗೆಬಳ್ಳಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಗೋಡೆ ಮೇಲೆ ಹಲ್ಲಿ ಕಂಡರೆ ಪೊರಕೆ ಹುಡುಕುವವಳು ನಾನು. ಈಗ ಎರಡಡಿ ಉದ್ದದ ಹಸಿರು ಇಗ್ವಾನಾ, ಅಂದರೆ ಹಲ್ಲಿಯ ದೊಡ್ಡ ವಿದೇಶಿ ನೆಂಟ, ನನ್ನ ಕೊರಳಿಗೆ ಬಿದ್ದಿದೆ. ತಮ್ಮ ಓದಲು ಜರ್ಮನಿಗೆ ಹೊರಟ. ಹೋಗುವ ಹಿಂದಿನ ದಿನ ಮೂರಡಿಯ ಮೀನಿನ ತೊಟ್ಟಿ ಸಮೇತ ತಂದು ನಮ್ಮ ಹಾಲಿನಲ್ಲಿಟ್ಟು, "ಅಕ್ಕಾ, ಸೊಪ್ಪು ಹಾಕಿದ್ರೆ ಸಾಕು, ಅದರ ಪಾಡಿಗೆ ಅದಿರುತ್ತೆ" ಅಂದ. ಹೆಸರು ಪಚ್ಚೆ. ವಯಸ್ಸು ಹತ್ತು ತಿಂಗಳಂತೆ.

ಮೂರು ವಾರದಿಂದ ಪಚ್ಚೆ ಕೊಂಬೆ ಹತ್ತುತ್ತಿಲ್ಲ. ಮೊದಲೆಲ್ಲ ತೊಟ್ಟಿಯೊಳಗೆ ಓರೆಯಾಗಿಟ್ಟ ಸೀಬೆ ಕೊಂಬೆಯ ತುದಿಯಲ್ಲೇ ದಿನವಿಡೀ ಕೂತಿರುತ್ತಿತ್ತು. ಈಗ ತಳದಲ್ಲಿ ಹೊಟ್ಟೆ ಊರಿ ಮಲಗಿರುತ್ತದೆ. ಹಿಂಗಾಲಿನ ತೊಡೆ ಮಾತ್ರ ದಪ್ಪಗಾಗಿದೆ. ಚೆನ್ನಾಗಿ ತಿಂದು ಮೈ ಬಂದಿದೆ ಅಂತ ನಾವು ಖುಷಿಯಾಗಿದ್ದೆವು. ಮೊನ್ನೆ ನೋಡಿದರೆ ಕಾಲ್ಬೆರಳುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು, ವೀಣೆ ತಂತಿ ಮೀಟಿ ಬಿಟ್ಟ ಹಾಗೆ. ಆಮೇಲೆ ಹೆದರಿಕೆ ಶುರುವಾಯಿತು.

ಇನ್ನೊಂದು. ಆಗಾಗ ಸೀನುತ್ತದೆ, ಸೀನಿದಾಗೆಲ್ಲ ಗಾಜಿನ ಮೇಲೆ ಬಿಳಿ ಪುಡಿ ಕೂರುತ್ತದೆ. ಅಮ್ಮ ಶೀತ ಆಗಿದೆ ಅಂತ ವಿಕ್ಸ್ ಡಬ್ಬಿ ಹಿಡಿದು ಬಂದಿದ್ದರು, ನಾನೇ ತಡೆದೆ.

ಊಟಕ್ಕೆ ಸೌತೆಕಾಯಿ, ಲೆಟ್ಯೂಸ್, ಬಾಳೆಹಣ್ಣು. ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆ. ಬೇಗ ಬೆಳೆಯುತ್ತದೆ ಅಂತ ಮಾರಿದವನು ಹೇಳಿದ್ದನಂತೆ. ತೊಟ್ಟಿ ಪೂರ್ವದ ಕಿಟಕಿ ಪಕ್ಕದಲ್ಲಿದೆ, ಕಿಟಕಿ ಗಾಜಿನಿಂದ ಬೆಳಿಗ್ಗೆ ಒಳ್ಳೆ ಬಿಸಿಲು ಬೀಳುತ್ತದೆ. ಮೇಲೆ ಒಂದು ಮಾಮೂಲಿ ಬಲ್ಬ್ ಇದೆ. ಇಲ್ಲಿ ಒಬ್ಬರು ಡಾಕ್ಟರಿಗೆ ತೋರಿಸಿದೆ. "ನಾನು ಹಸು, ನಾಯಿ ನೋಡೋನಮ್ಮ, ಇದು ನಂಗೊತ್ತಿಲ್ಲ" ಅಂದರು. ಗೊತ್ತಿಲ್ಲ ಅಂತ ಹೇಳಿದ್ದೇ ಪುಣ್ಯ. ಗೊತ್ತಿರುವವರು ದಯವಿಟ್ಟು ಹೇಳಿ.

ಬೇವಿನಕೊಂಬೆ (ಬೆಂಗಳೂರು)

ಮಲ್ಲಿಗೆಬಳ್ಳಿ ಅವರೇ, ಅದು ಮೈ ಬಂದದ್ದಲ್ಲ. ಮೂಳೆ ಮೆತ್ತಗಾಗಿದೆ. ಎಕ್ಸ್‌ರೇ ತೆಗೆಯುವ, ಸರೀಸೃಪ ನೋಡಿ ಅಭ್ಯಾಸ ಇರುವ ಡಾಕ್ಟರನ್ನು ಈ ವಾರವೇ ಹುಡುಕಿ. ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಬನ್ನಿ. ಅಲ್ಲಿಯವರೆಗೆ ಸುಮ್ಮಸುಮ್ಮನೆ ಎತ್ತಿ ಆಡಿಸಬೇಡಿ. ಎತ್ತಲೇಬೇಕಾದರೆ ಮಗುವನ್ನು ಎತ್ತುವ ಹಾಗೆ ಎದೆ ಕೆಳಗೊಂದು ಕೈ, ಸೊಂಟದ ಕೆಳಗೊಂದು ಕೈ. ಬಾಲ ಮಾತ್ರ ಹಿಡಿಯಬೇಡಿ, ಕಳಚಿ ಕೈಯಲ್ಲೇ ಉಳಿಯುತ್ತದೆ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮೊದಲ ಇಗ್ವಾನಾ ಹೀಗೇ ಹೋಯಿತು. ನಿಮ್ಮ ಥರವೇ ಕಿಟಕಿ, ನಿಮ್ಮ ಥರವೇ ಸೌತೆಕಾಯಿ. ಒಂದು ದಿನ ಬಾಯಿ ಒರೆಸಲು ಹೋದಾಗ ಕೆಳದವಡೆ ಹವಾಯಿ ಚಪ್ಪಲಿಯ ತುದಿ ಥರ ಬಗ್ಗಿತು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ರಬ್ಬರ್ ಹಾಕಿ ಅಳಿಸಿದ ಪೆನ್ಸಿಲ್ ಗೆರೆಯಷ್ಟೇ ಕಾಣುತ್ತಿತ್ತು. ಎರಡು ವಾರ ಬದುಕಿತು ಅಷ್ಟೆ. ಈಗಿರುವುದು ಎರಡನೆಯದು, ಒಂಬತ್ತು ವರ್ಷದ ಹೆಣ್ಣು.

ಆಗುವುದೇನೆಂದರೆ, ಊಟದಲ್ಲಿ ಕ್ಯಾಲ್ಸಿಯಂ ಇಲ್ಲ, ಇದ್ದರೂ ಅದನ್ನು ಹೀರಿಕೊಳ್ಳಲು ಬೇಕಾದ ವಿಟಮಿನ್ ಡಿ3 ಮೈಯಲ್ಲಿ ಇಲ್ಲ. ರಕ್ತಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಆದ್ದರಿಂದ ದೇಹ ಮೂಳೆಯಿಂದಲೇ ಕಿತ್ತು ಕೊಡುತ್ತದೆ. ಟೊಳ್ಳಾದ ಮೂಳೆಗೆ ಆಸರೆಯಾಗಿ ಸುತ್ತ ನಾರು ಬೆಳೆಯುತ್ತದೆ. ನೀವು ನೋಡಿದ ದಪ್ಪ ತೊಡೆ ಅದೇ. ಕಿತ್ತುಕೊಟ್ಟದ್ದೂ ಸಾಲದೆ ಹೋದಾಗ ಬೆರಳು ಅದುರಲು ಶುರುವಾಗುತ್ತದೆ. ಅದುರುವುದು ಅಂದರೆ ತಡ ಆಗಿದೆ ಅಂತ ಅರ್ಥ, ಹೆದರಿಸುತ್ತಿಲ್ಲ, ಇರುವುದು ಹೇಳುತ್ತಿದ್ದೇನೆ.

ಈಗ ಕಿಟಕಿ ವಿಷಯ. ಎಲ್ಲರೂ ಬೀಳುವ ಹಳ್ಳ ಇದು. ಡಿ3 ತಯಾರಾಗಲು ಚರ್ಮಕ್ಕೆ ಬಿಸಿಲಿನಲ್ಲಿರುವ ಯುವಿಬಿ ಅನ್ನುವ ಅತಿನೇರಳೆ ಕಿರಣ ತಾಗಬೇಕು. ಗಾಜು ಬೆಳಕು ಬಿಡುತ್ತದೆ, ಶಾಖ ಬಿಡುತ್ತದೆ, ಯುವಿಬಿಯನ್ನು ಮಾತ್ರ ತಡೆದುಬಿಡುತ್ತದೆ. ಕಿಟಕಿ ಗಾಜು ಒಂದು, ತೊಟ್ಟಿ ಗಾಜು ಇನ್ನೊಂದು. ಪಚ್ಚೆ ಹತ್ತು ತಿಂಗಳಿಂದ ಬಿಸಿಲನ್ನು ನೋಡಿದೆ, ಪಡೆದಿಲ್ಲ. ಹಾಗಂತ ತೊಟ್ಟಿಯನ್ನೇ ತೆಗೆದುಕೊಂಡು ಹೋಗಿ ಟೆರೇಸಿನ ಬಿಸಿಲಿಗೆ ಇಟ್ಟುಬಿಡಬೇಡಿ. ಗಾಜಿನೊಳಗೆ ಶಾಖ ಏರಿ ಅರ್ಧ ಗಂಟೆಯೊಳಗೇ ಪ್ರಾಣ ಹೋಗಬಹುದು.

ಸರೀಸೃಪಗಳಿಗೆ ಅಂತಲೇ ಯುವಿಬಿ ಟ್ಯೂಬ್ ಬರುತ್ತದೆ. ಅದನ್ನು ಕೊಂಬೆಯಿಂದ ಸುಮಾರು 30 ಸೆಂಟಿಮೀಟರ್ ಮೇಲೆ ಹಾಕಿ, ಆದರೆ ಟ್ಯೂಬಿನ ಡಬ್ಬಿ ಮೇಲೆ ಬರೆದ ದೂರ ಬೇರೆ ಇದ್ದರೆ ಅದನ್ನೇ ನಂಬಿ. ನಡುವೆ ಗಾಜು, ಪ್ಲಾಸ್ಟಿಕ್ ಏನೂ ಇರಬಾರದು. ಟ್ಯೂಬ್ ಉರಿಯುತ್ತಿದೆಯಲ್ಲ ಅಂತ ಎರಡು ವರ್ಷ ಅದನ್ನೇ ಇಟ್ಟುಕೊಳ್ಳುವವರು ಇದ್ದಾರೆ. ಬೆಳಕು ಹಾಗೇ ಇರುತ್ತದೆ, ಯುವಿಬಿ ಸದ್ದಿಲ್ಲದೆ ಇಳಿದುಹೋಗಿರುತ್ತದೆ. ನಾನು ಪ್ರತಿ ಯುಗಾದಿಗೆ ಹೊಸದು ಹಾಕುತ್ತೇನೆ, ನೆನಪಿಡಲು ಸುಲಭ.

ಶಾಖವೂ ಅಷ್ಟೇ ಮುಖ್ಯ. ಇವು ಮೆಕ್ಸಿಕೋದಿಂದ ಬ್ರೆಜಿಲ್‌ವರೆಗಿನ ಬಿಸಿ ನಾಡಿನ ಪ್ರಾಣಿಗಳು. ನದಿ ದಂಡೆಯ ಮರದ ನೆತ್ತಿಯಲ್ಲಿ ಬಿಸಿಲು ಕಾಯಿಸುತ್ತಾ ಇರುತ್ತವೆ, ಹೆದರಿದರೆ ಮೇಲಿಂದಲೇ ನೀರಿಗೆ ಹಾರುತ್ತವೆ. ತಿಂದ ಸೊಪ್ಪು ಕರುಳಿನಲ್ಲಿ ಹುಳಿತು ಜೀರ್ಣ ಆಗಬೇಕು, ನಮ್ಮ ದೋಸೆ ಹಿಟ್ಟಿನ ಥರ. ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ ಅಲ್ವಾ, ಇದೂ ಹಾಗೇ. ಕೊಂಬೆಯ ತುದಿಯಲ್ಲಿ 32ರಿಂದ 35 ಡಿಗ್ರಿ ಇರಬೇಕು. ಕೆಳಗೆ ತಂಪಾಗಿರಲಿ, ಬೇಕಾದಾಗ ಇಳಿದು ಬರುತ್ತದೆ. ರಾತ್ರಿ 24ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೊಳ್ಳಿ. ಮೈಸೂರಿನ ಡಿಸೆಂಬರ್‌ಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಬೇಕೇ ಬೇಕು.

ಸೀನಿನ ಪುಡಿ ಶೀತ ಅಲ್ಲ, ಉಪ್ಪು! ಮೈಯಲ್ಲಿ ಜಾಸ್ತಿಯಾದ ಉಪ್ಪನ್ನು ಇವು ಮೂಗಿನ ಗ್ರಂಥಿಯಿಂದ ಸೀನಿ ಆಚೆ ಹಾಕುತ್ತವೆ. ಅಮ್ಮನಿಗೆ ಹೇಳಿ, ವಿಕ್ಸ್ ಒಳಗಿಡಲಿ.

ಮೊಟ್ಟೆ ಇವತ್ತೇ ನಿಲ್ಲಿಸಿ. ಇಗ್ವಾನಾ ಹುಟ್ಟಾ ಸಸ್ಯಾಹಾರಿ, ಮೊಟ್ಟೆ ಮಾಂಸ ಕೊಟ್ಟು ಸಾಕಿದರೆ ಕೊನೆಗೆ ಮೂತ್ರಪಿಂಡ ಕೆಡುತ್ತದೆ. ಲೆಟ್ಯೂಸ್, ಸೌತೆಕಾಯಿ ಬರೀ ನೀರು. ನಮ್ಮಲ್ಲಿ ಹಿತ್ತಲಿನಲ್ಲೇ ಸಿಗುವಂಥದ್ದು ಎಷ್ಟೊಂದಿದೆ. ನುಗ್ಗೆ ಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಮತ್ತು ಹೂವು. ಜೊತೆಗೆ ಸಿಹಿಗುಂಬಳದ ತುರಿ, ಎಳೆ ಹುರುಳಿಕಾಯಿ, ಅಪರೂಪಕ್ಕೊಂದು ತುಂಡು ಪಪ್ಪಾಯಿ. ಪಾಲಕ್, ಬಸಳೆ, ದಂಟಿನ ಸೊಪ್ಪು ದಿನಾ ಬೇಡ, ಅವುಗಳಲ್ಲಿರುವ ಆಕ್ಸಲೇಟ್ ಇದ್ದ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ. ನನ್ನವಳಿಗೆ ದಾಸವಾಳದ ಹೂವು ಅಂದರೆ ನಮಗೆ ಒಬ್ಬಟ್ಟು ಇದ್ದ ಹಾಗೆ. ಕೆಂಪು ಕಂಡರೆ ಸಾಕು, ಗಂಟಲ ಕೆಳಗಿನ ಗಂಗೆದೊಗಲು ಅರಳಿಸಿಕೊಂಡು ಮೇಲಿನ ಕೊಂಬೆಯಿಂದ ದಡದಡ ಇಳಿಯುತ್ತಾಳೆ.

ಸುಮ್ನೆಬಂದೆ

ಮೇಡಂ, ಇಷ್ಟೆಲ್ಲ ತಾಪತ್ರಯ ಯಾಕೆ? ಕಾಡಿನ ಪ್ರಾಣಿ ತಾನೇ. ಕುಕ್ಕರಹಳ್ಳಿ ಕೆರೆ ಹತ್ತಿರ ಯಾವುದಾದರೂ ದೊಡ್ಡ ಮರಕ್ಕೆ ಬಿಟ್ಟು ಕೈ ಮುಗಿದು ಬನ್ನಿ. ಅದಕ್ಕೂ ಸ್ವಾತಂತ್ರ್ಯ, ನಿಮಗೂ.

ಫ್ಲೋರಿಡಾದಾಸವಾಳ (ಮಯಾಮಿ ಹತ್ತಿರ)

ಸುಮ್ನೆಬಂದೆ ಅವರೇ, ಇಲ್ಲಿಯ ಜನ ನಿಮ್ಮ ಹಾಗೇ ಯೋಚನೆ ಮಾಡಿದ್ದಕ್ಕೆ ನಾವು ಈಗ ಅನುಭವಿಸುತ್ತಿದ್ದೇವೆ. ಫ್ಲೋರಿಡಾದಲ್ಲಿ ಇಗ್ವಾನಾ ಹುಟ್ಟು ನಿವಾಸಿ ಅಲ್ಲ. 1960ರ ದಶಕದಲ್ಲಿ ದಕ್ಷಿಣದ ಊರುಗಳಲ್ಲಿ ಮೊದಲು ಕಾಣಿಸಿಕೊಂಡವು. ಸಾಕಿ ಸಾಕಾಗಿ ಬಿಟ್ಟವರಿದ್ದರು, ಪಂಜರದಿಂದ ತಪ್ಪಿಸಿಕೊಂಡವೂ ಇದ್ದವು. ಹೆಣ್ಣು ವರ್ಷಕ್ಕೊಮ್ಮೆ 20ರಿಂದ 70 ಮೊಟ್ಟೆ ಇಡುತ್ತದೆ, ಲೆಕ್ಕ ನೀವೇ ಹಾಕಿ. ಈಗ ಕಾಲುವೆ ದಂಡೆ, ಗಾಲ್ಫ್ ಮೈದಾನ, ನಮ್ಮ ಹಿತ್ತಲು, ಎಲ್ಲೆಲ್ಲೂ ಅವೇ. ಬಿಲ ತೋಡಿ ತೋಡಿ ಫುಟ್‌ಪಾತ್, ಕಾಲುವೆ ಗೋಡೆಗಳ ಕೆಳಗೆ ಪೊಳ್ಳು ಮಾಡಿಬಿಡುತ್ತವೆ. ದೇವರ ಪೂಜೆಗೆ ಅಂತ ನನ್ನ ಹೆಂಡತಿ ಊರಿನ ನೆನಪಿಗೆ ಆರು ದಾಸವಾಳದ ಗಿಡ ಹಾಕಿದ್ದಳು. ಬೆಳಿಗ್ಗೆ ಬುಟ್ಟಿ ಹಿಡಿದು ಹೋದರೆ ಬರೀ ಕಡ್ಡಿ, ಪಕ್ಕದ ಬೇಲಿ ಮೇಲೆ ಐದಡಿಯ ಒಬ್ಬ ಮಹಾಶಯ ಬಾಯಿ ಚಪ್ಪರಿಸುತ್ತಾ ಕೂತಿದ್ದ.

ಚಳಿಗಾಲದ ಕಥೆ ಇನ್ನೊಂದು. 2020ರ ಜನವರಿಯಲ್ಲಿ ಮಯಾಮಿಯ ಹವಾಮಾನ ಇಲಾಖೆಯವರು ಮರದಿಂದ ಇಗ್ವಾನಾ ಉದುರಬಹುದು ಅಂತ ಸೂಚನೆಯನ್ನೇ ಕೊಟ್ಟರು. ತಮಾಷೆ ಅಲ್ಲ. ಏಳೆಂಟು ಡಿಗ್ರಿಗೆ ಇಳಿದರೆ ಇವಕ್ಕೆ ಮೈ ಮರಗಟ್ಟಿ ಹಿಡಿತ ಬಿಟ್ಟುಹೋಗುತ್ತದೆ. ಹಲಸಿನಕಾಯಿ ಬಿದ್ದ ಹಾಗೆ ದೊಪ್ಪಂತ ಬೀಳುತ್ತವೆ. ಸತ್ತಿದೆ ಅಂತ ನಾನು ಒಂದನ್ನು ಸಲಿಕೆಯಲ್ಲಿ ಎತ್ತಿ ಮೂಲೆಗೆ ಹಾಕಿದ್ದೆ. ಬಿಸಿಲೇರಿದ ಮೇಲೆ ಎದ್ದು, ನನ್ನ ಕಡೆ ಒಂದು ಸಲ ತಲೆ ಕುಣಿಸಿ ಹೋಯಿತು.

2021ರ ಏಪ್ರಿಲ್‌ನಿಂದ ಇಲ್ಲಿಯ ರಾಜ್ಯ ಇದನ್ನು ನಿಷೇಧಿತ ಪ್ರಾಣಿಗಳ ಪಟ್ಟಿಗೆ ಸೇರಿಸಿದೆ. ಮೊದಲೇ ಸಾಕಿಕೊಂಡಿದ್ದವರು ಚಿಪ್ ಹಾಕಿಸಿ ಪರ್ಮಿಟ್ ತೆಗೆದುಕೊಳ್ಳಬೇಕಾಯಿತು. ಆದ್ದರಿಂದ ಕೆರೆ ದಂಡೆಗೆ ಬಿಡುವ ಮಾತು ಬೇಡ. ಅದೂ ಮೂಳೆ ಮೆತ್ತಗಾದ ಮರಿ. ಮೊದಲ ರಾತ್ರಿಯೇ ಬೀದಿನಾಯಿ ಪಾಲು.

ಸುಮ್ನೆಬಂದೆ

ಸರಿ ಸ್ವಾಮಿ, ಒಪ್ಪಿದೆ. ಹಲಸಿನಕಾಯಿ ಮಾತ್ರ ತಲೆಯಿಂದ ಹೋಗುತ್ತಿಲ್ಲ.

ಹಿಂಡಿಬೂಸಾ (ಪಶುವೈದ್ಯಕೀಯ ವಿದ್ಯಾರ್ಥಿನಿ)

ಬೇವಿನಕೊಂಬೆ ಅವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಡಿ3 ಕಡಿಮೆ ಅಂತ ಓದಿದ ಕೂಡಲೇ ಮನೆಯಲ್ಲಿರುವ 60,000 ಯೂನಿಟ್‌ನ ಸ್ಯಾಷೆ ಒಡೆದು ಸೊಪ್ಪಿನ ಮೇಲೆ ಉದುರಿಸಬೇಡಿ. ಅದು ದೊಡ್ಡ ಮನುಷ್ಯರಿಗೆ ವಾರಕ್ಕೊಂದು ಕೊಡುವ ಪ್ರಮಾಣ. ಡಿ3 ಮಿತಿ ಮೀರಿದರೆ ಕ್ಯಾಲ್ಸಿಯಂ ಮೂಳೆಗೆ ಹೋಗುವ ಬದಲು ರಕ್ತನಾಳ, ಮೂತ್ರಪಿಂಡಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಒಂದು ರೋಗ ವಾಸಿ ಮಾಡಲು ಹೋಗಿ ಇನ್ನೊಂದು. ಡಾಕ್ಟರ್ ರಕ್ತ ಪರೀಕ್ಷೆ ಮಾಡಿ, ತೂಕ ನೋಡಿ ಕ್ಯಾಲ್ಸಿಯಂ ದ್ರಾವಣ ಬರೆದು ಕೊಡುತ್ತಾರೆ. ಅದುರುವಿಕೆ ಜಾಸ್ತಿ ಇದ್ದರೆ ಇಂಜೆಕ್ಷನ್. ನೀವು ಇವತ್ತೇ ಮಾಡಬಹುದಾದದ್ದು ಶಾಖ ಸರಿ ಮಾಡುವುದು ಮತ್ತು ಎತ್ತರದ ಕೊಂಬೆ ತೆಗೆಯುವುದು.

ಕೊಂಬೆ ತೆಗೆಯಿರಿ ಅಂದರೆ ವಿಚಿತ್ರ ಅನ್ನಿಸಬಹುದು, ಮರದ ಪ್ರಾಣಿ ಅಂತ ಈಗಷ್ಟೇ ಹೇಳಿದರಲ್ಲ ಅಂತ. ಆದರೆ ಈ ಸ್ಥಿತಿಯಲ್ಲಿ ಒಂದಡಿಯಿಂದ ಬಿದ್ದರೂ ಮೂಳೆ ಮುರಿಯುತ್ತದೆ. ಸದ್ಯಕ್ಕೆ ನೆಲಕ್ಕೆ ಸಮವಾಗಿ ಒಂದು ದಪ್ಪ ಕೊಂಬೆ, ಅದರ ಮೇಲೆ ದೀಪ. ಗಟ್ಟಿಯಾದ ಮೇಲೆ ಎತ್ತರಿಸಿ.

ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ನೀರಿನ ಬಟ್ಟಲನ್ನು ಅಡುಗೆ ಮನೆ ಸಿಂಕಿನಲ್ಲಿ ತೊಳೆಯಬೇಡಿ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇವುಗಳ ಕರುಳಿನಲ್ಲಿ ಸಾಮಾನ್ಯ, ಅವಕ್ಕೆ ಏನೂ ಆಗುವುದಿಲ್ಲ, ನಮಗೆ ಆಗುತ್ತದೆ. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ದೂರವೇ ಇಡಿ.

ಅಡಿಕೆಸೋಗೆ (ತೀರ್ಥಹಳ್ಳಿ ಕಡೆ)

ಸ್ವಲ್ಪ ಬೇರೆ ವಿಷಯ, ಬಯ್ಯಬೇಡಿ. ಇದನ್ನು ಓದಿ ನಮ್ಮ ತೋಟದ ಹಾರುವ ಓತಿ ನೆನಪಾಯಿತು. ಅಡಿಕೆ ಮರದ ಮೇಲೆ ಕೂತರೆ ತೊಗಟೆ ಯಾವುದು ಓತಿ ಯಾವುದು ಗೊತ್ತಾಗುವುದಿಲ್ಲ. ಗಂಡು ಗಂಟಲಿನಿಂದ ಹಳದಿ ಬಾವುಟ ಚಾಚಿದಾಗಲೇ ಗೊತ್ತಾಗುವುದು. ಪಕ್ಕೆಲುಬು ಅಗಲಿಸಿ ಕೊಡೆ ಬಿಚ್ಚಿದ ಹಾಗೆ ಚರ್ಮ ಹರಡಿ, ಈ ಮರದಿಂದ ಆ ಮರಕ್ಕೆ ತೇಲಿಕೊಂಡು ಹೋಗುತ್ತದೆ. ಹುಡುಗನಾಗಿದ್ದಾಗ ನಾನು ಒಂದನ್ನು ಹಿಡಿದು ಹಾರ್ಲಿಕ್ಸ್ ಬಾಟಲಿಗೆ ಹಾಕಿದ್ದೆ, ಮುಚ್ಚಳಕ್ಕೆ ತೂತು ಕೊರೆದು. ನೊಣ ಕೊಟ್ಟೆ, ಜಿರಳೆ ಕೊಟ್ಟೆ, ಮೂಸಿಯೂ ನೋಡಲಿಲ್ಲ. ಐದನೇ ದಿನ ಸತ್ತಿತು. ಅದರ ಮುಖ್ಯ ಊಟ ಇರುವೆ, ಮರದ ಮೇಲೆ ಸಾಲಾಗಿ ಹೋಗುವುದನ್ನು ಒಂದೊಂದಾಗಿ ನೆಕ್ಕಿಕೊಳ್ಳುತ್ತದೆ ಅಂತ ಬಹಳ ವರ್ಷದ ಮೇಲೆ ಗೊತ್ತಾಯಿತು. ಇಗ್ವಾನಾ ಸೊಪ್ಪು ತಿಂದಾದರೂ ಬದುಕುತ್ತದೆ. ಇರುವೆ ಸಾಲನ್ನು ಯಾರು ಮನೆಯಲ್ಲಿ ಸಾಕುತ್ತಾರೆ?

ಇಲ್ಲಿ ಯಾರಾದರೂ ಇದನ್ನು ಓದಿ ಗೋಸುಂಬೆ ಹಿಡಿದು ಸಾಕೋಣ ಅಂತ ಹೊರಟರೆ ಒಂದು ಮಾತು. ಅದು 1972ರ ವನ್ಯಜೀವಿ ಕಾಯ್ದೆಯಲ್ಲಿ ಸಂರಕ್ಷಿತ ಪ್ರಾಣಿ. ಹಿಡಿದರೆ ಕೇಸ್.

ಕಡತವಿಲೇವಾರಿ (ಬೆಂಗಳೂರು)

ಕಾನೂನಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಇಗ್ವಾನಾಗೂ ಕಾಗದ ಬೇಕು. ನಮ್ಮ ದೇಶದ ಪ್ರಾಣಿ ಅಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಅದು ಹಳೇ ಕಥೆ. 2022ರ ತಿದ್ದುಪಡಿಯಿಂದ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳೂ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಬಂದಿವೆ, ಹಸಿರು ಇಗ್ವಾನಾ ಅದರಲ್ಲಿದೆ. 2024ರ ಫೆಬ್ರವರಿ 28ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆಗಲೇ ಇಟ್ಟುಕೊಂಡಿದ್ದವರಿಗೆ ಆರು ತಿಂಗಳ ಗಡುವಿತ್ತು, ಆಮೇಲೆ ಪಡೆದವರಿಗೆ 30 ದಿನ. ಒಬ್ಬರಿಂದ ಇನ್ನೊಬ್ಬರಿಗೆ ಕೊಟ್ಟರೂ ತಿಳಿಸಬೇಕು. ನಿಮ್ಮ ತಮ್ಮ ಬಿಲ್ಲು ಇಟ್ಟಿದ್ದಾನಾ, ಕೇಳಿ. ಇಟ್ಟಿಲ್ಲ ಅಂತ ನನ್ನ ಊಹೆ.

ಮಲ್ಲಿಗೆಬಳ್ಳಿ

ಊಹೆ ಸರಿ. "ಬಿಲ್ಲಾ? ಅದೆಲ್ಲ ಯಾರ್ ಕೊಡ್ತಾರಕ್ಕ" ಅಂದ. ವಾಟ್ಸಾಪಿನಲ್ಲಿ ಅರ್ಧ ಗಂಟೆ ಬೈದೆ. ನಾಳೆ ಬೆಂಗಳೂರಿಗೆ ಹೊರಟಿದ್ದೇವೆ. ಒಂದು ಸಂಶಯ: ಇದು ಎಷ್ಟು ದೊಡ್ಡದಾಗುತ್ತದೆ? ತೊಟ್ಟಿ ಸಾಲುತ್ತದಾ?

ಬೇವಿನಕೊಂಬೆ

ತೊಟ್ಟಿಯನ್ನು ಮೀನಿಗೇ ವಾಪಸ್ ಕೊಡಿ. ಮೂಗಿನಿಂದ ಬಾಲದ ತುದಿಗೆ 1.5 ಮೀಟರ್, ಗಂಡಾದರೆ ಇನ್ನೂ ಜಾಸ್ತಿ. ನಾಲ್ಕೈದು ಕಿಲೋ ತೂಕ. ಆಯಸ್ಸು 15ರಿಂದ 20 ವರ್ಷ. ನಿಮ್ಮ ತಮ್ಮ ಓದು ಮುಗಿಸಿ, ಮದುವೆಯಾಗಿ, ಅವನ ಮಗು ಶಾಲೆಗೆ ಹೋದರೂ ಪಚ್ಚೆ ಇರುತ್ತದೆ. ನನ್ನದು ಆರಡಿ ಎತ್ತರ, ಆರಡಿ ಅಗಲ, ಮೂರಡಿ ಆಳದ ಜಾಲರಿ ಗೂಡು, ಬಾಲ್ಕನಿಯಲ್ಲಿದೆ. ಅಗಲಕ್ಕಿಂತ ಎತ್ತರ ಮುಖ್ಯ. ನಮ್ಮ ತಲೆಗಿಂತ ಮೇಲೆ ಕೂತಾಗ ಮಾತ್ರ ಅದು ಸಮಾಧಾನವಾಗಿರುತ್ತದೆ. ನೆತ್ತಿಯ ಮೇಲೆ ಬೆಳಕು ನೆರಳು ಗುರುತಿಸುವ ಮೂರನೇ ಕಣ್ಣಿದೆ ಅದಕ್ಕೆ, ಗಿಡುಗನ ನೆರಳು ಬಿದ್ದರೆ ಗೊತ್ತಾಗಲಿ ಅಂತ. ನೀವು ಮೇಲಿಂದ ಕೈ ಹಾಕಿದಾಗಲೆಲ್ಲ ಅದರ ಲೆಕ್ಕದಲ್ಲಿ ಗಿಡುಗ ಬಂತು. ಪಕ್ಕದಿಂದ, ನಿಧಾನವಾಗಿ ಕೈ ಚಾಚಿ.

ಹೆಣ್ಣಾಗಿದ್ದರೆ ಇನ್ನೊಂದು ರಗಳೆ ಇದೆ. ಗಂಡಿನ ಸಹವಾಸ ಇಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಮೂರನೇ ವರ್ಷದಲ್ಲಿ ನನ್ನವಳು ಊಟ ಬಿಟ್ಟು ಗೂಡಿನ ಮೂಲೆ ಕೆರೆಯಲು ಶುರು ಮಾಡಿದಳು. ಮರಳು ಮಣ್ಣು ಕಲಸಿದ ದೊಡ್ಡ ಡ್ರಮ್ ಇಟ್ಟ ಮೇಲೆ ಎರಡು ದಿನ ತೋಡಿ 34 ಮೊಟ್ಟೆ ಇಟ್ಟಳು. ತೋಡಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವಕ್ಕೇ ಕುತ್ತು ಬರುತ್ತದೆ. ನಿಮಗೆ ಆಗುವುದಿಲ್ಲ ಅನ್ನಿಸಿದರೆ ಈಗಲೇ ಹೇಳಿ, ಇದರಲ್ಲಿ ನಾಚಿಕೆ ಇಲ್ಲ. ವಾಸಿಯಾದ ಮೇಲೆ, ಕಾಗದ ಸರಿ ಮಾಡಿಕೊಂಡು, ಸಾಕಿ ಗೊತ್ತಿರುವ ಮನೆ ಹುಡುಕೋಣ.

ಮಲ್ಲಿಗೆಬಳ್ಳಿ (ಏಳು ವಾರದ ನಂತರ)

ಎಲ್ಲರಿಗೂ ಥ್ಯಾಂಕ್ಸ್, ತಡವಾಯಿತು. ಎಕ್ಸ್‌ರೇಯಲ್ಲಿ ಬಲ ತೊಡೆಯ ಮೂಳೆಗೆ ಸೀಳು ಬಿದ್ದದ್ದು ಕಂಡಿತು, ಯಾವಾಗ ಬಿತ್ತೋ ನಮಗೇ ಗೊತ್ತಿಲ್ಲ. ಕ್ಯಾಲ್ಸಿಯಂ ದ್ರಾವಣ ದಿನಾ ಸಿರಿಂಜಿನಲ್ಲಿ ಬಾಯಿಗೆ ಹಾಕುತ್ತಿದ್ದೇವೆ. ಮೊದಲ ವಾರ ಅಮ್ಮ ಹಿಡಿದುಕೊಂಡರು, ನಾನು ಕಣ್ಣು ಮುಚ್ಚಿ ಹಾಕುತ್ತಿದ್ದೆ. ಈಗ ಒಬ್ಬಳೇ ಹಾಕುತ್ತೇನೆ. ಬೆರಳು ಅದುರುವುದು ಹತ್ತು ದಿನಕ್ಕೇ ನಿಂತಿತು. ದವಡೆ ಗಟ್ಟಿಯಿದೆ. ತೊಡೆ ಇಳಿಯಲು ತಿಂಗಳುಗಟ್ಟಲೆ ಬೇಕು ಅಂದಿದ್ದಾರೆ.

ಅಜ್ಜಿಯ ಹಳೇ ಬಟ್ಟೆ ಬೀರು ಇತ್ತು. ಬಡಗಿ ಬಾಗಿಲು ತೆಗೆದು ಜಾಲರಿ ಹೊಡೆದುಕೊಟ್ಟ. "ಹಲ್ಲಿಗೆ ಬೀರುವಾ?" ಅಂತ ಮೂರು ಸಲ ಕೇಳಿದ. ದೀಪ, ಹೀಟರ್ ಎಲ್ಲ ಹಾಕಿದ್ದೇವೆ. ಮರಿ ಬೆಳೆದಂತೆ ಇದೂ ಸಾಲುವುದಿಲ್ಲ, ಗೊತ್ತು. ತಮ್ಮನ ಖರ್ಚಿನಲ್ಲಿ ಬಾಲ್ಕನಿ ಗೂಡು ಅಂತ ಬರೆದಿಟ್ಟುಕೊಂಡಿದ್ದೇನೆ. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟಿದ್ದೇನೆ, ಪೋರ್ಟಲ್‌ನಲ್ಲಿ ಅರ್ಜಿಯೂ ಹಾಕಿದ್ದೇನೆ. ಏನಾಗುತ್ತದೋ ನೋಡಬೇಕು. ಬೇರೆ ಮನೆಗೆ ಕೊಡುವುದು ಬಿಡುವುದು ಆಮೇಲೆ. ಅಮ್ಮ ಈಗ ದಿನಾ ಬೆಳಿಗ್ಗೆ ನುಗ್ಗೆ ಸೊಪ್ಪು ಬಿಡಿಸಿ ಪಚ್ಚೆಗೆ ಒಂದು ಪಾಲು, ಸಾರಿಗೆ ಒಂದು ಪಾಲು ಅಂತ ಎತ್ತಿಡುತ್ತಾರೆ. ಪಚ್ಚೆಯ ಪಾಲೇ ದೊಡ್ಡದು.

ನಿನ್ನೆ ಕೆಳಗಿನ ಕೊಂಬೆಯಿಂದ ಒಂದು ಗೇಣು ಮೇಲಿರುವ ಎರಡನೇ ಕೊಂಬೆಗೆ ತಾನೇ ಹತ್ತಿತು. ಹತ್ತಿ, ಕೂತು, ಕೆಳಗಿಟ್ಟಿದ್ದ ನೀರಿನ ಬಟ್ಟಲಿಗೆ ಸರಿಯಾಗಿ ಗುರಿಯಿಟ್ಟು ಹೇತಿತು.

ಒಂದು ಪ್ರಶ್ನೆ ಉಳಿದಿದೆ. ನಮ್ಮ ದಾಸವಾಳದ ಗಿಡಕ್ಕೆ ಹತ್ತಿಯಂಥ ಬಿಳಿ ಹುಳ ಹತ್ತಿದೆ. ಔಷಧಿ ಹೊಡೆದರೆ ಪಚ್ಚೆಗೆ ಕೊಡುವ ಹಾಗಿಲ್ಲ ಅಲ್ವಾ? ಏನು ಮಾಡುವುದು?

ಬೇವಿನಕೊಂಬೆ

ಔಷಧಿ ಬೇಡವೇ ಬೇಡ. ಜಾಸ್ತಿ ಹತ್ತಿದ ತುದಿಗಳನ್ನು ಕತ್ತರಿಸಿ ಎಸೆಯಿರಿ. ಉಳಿದ ಗಿಡಕ್ಕೆ ಪೈಪಿನ ನೀರು ಜೋರಾಗಿ ಬಿಡಿ, ಎಲೆಯ ಅಡಿಭಾಗಕ್ಕೂ. ಎರಡು ದಿನಕ್ಕೊಮ್ಮೆ ಹೀಗೇ ಮಾಡಿ. ಚಿಗುರು ಬರುವವರೆಗೆ ಪಕ್ಕದ ಮನೆ ಗಿಡದ್ದು ಕೇಳಿ, ಅವರು ಏನೂ ಹೊಡೆದಿಲ್ಲ ಅಂತ ಮೊದಲು ವಿಚಾರಿಸಿಕೊಳ್ಳಿ. ಪಚ್ಚೆ ಎರಡನೇ ಕೊಂಬೆ ಹತ್ತಿದ ಫೋಟೋ ಹಾಕಿ. ನೀರಿನ ಬಟ್ಟಲು ಬಿಟ್ಟು.